ಜೂನ್ ತಿಂಗಳ ಸನ್ನದು

ಉಪಾಧ್ಯಾಯನಾದವನಿಗೆ ವರ್ಷ ಮೊದಲಾಗುವುದು ಯುಗಾದಿಯಂದಲ್ಲ, ಜೂನ್ ತಿಂಗಳಲ್ಲಿ. ಬೇಸಗೆಯ ರಜೆಯಲ್ಲಿ ಧೂಳು ಹಿಡಿದ ಬೆಂಚುಗಳನ್ನು ಒರೆಸಿ, ಹೊಸ ಹಾಜರಿ ಪುಸ್ತಕದಲ್ಲಿ ಹೆಸರುಗಳನ್ನು ದುಂಡಗೆ ಬರೆದು ಮುಗಿಸುವ ವೇಳೆಗೆ ಮುಂಗಾರಿನ ಮೋಡಗಳು ಕಾವೇರಿಯ ಮೇಲೆ ತೂಗುತ್ತಿರುತ್ತವೆ. ರೈತನಿಗೂ ಅದೇ ಹೊಸ ವರ್ಷ. ನಮ್ಮ ಮನೆಗೆ ಮಾತ್ರ ಈ ಎರಡರ ಜೊತೆಗೆ ಮೂರನೆಯ ಹೊಸ ವರ್ಷವೊಂದೂ ಅದೇ ತಿಂಗಳ ಕೊನೆಗೆ ಬರುತ್ತಿದ್ದಿತು. ಅದು ಅಬಕಾರಿ ವರ್ಷ. ಕರ್ನಾಟಕದಲ್ಲಿ ಮದ್ಯ ಮಾರುವ ಸನ್ನದಿನ ವರ್ಷ ಜುಲೈ 1ಕ್ಕೆ ಹುಟ್ಟಿ ಜೂನ್ 30ಕ್ಕೆ ತೀರಿಕೊಳ್ಳುತ್ತದೆ. ಅಷ್ಟರೊಳಗೆ ಅರ್ಜಿ ಕೊಟ್ಟು ಶುಲ್ಕ ಕಟ್ಟಿದವರ ಪಾಲಿಗೆ ಅದು ಮರುಹುಟ್ಟು ಪಡೆಯುತ್ತದೆ. 1996ರಿಂದ 2024ರ ವರೆಗೆ, ಇಪ್ಪತ್ತೊಂಬತ್ತು ಜೂನ್ ತಿಂಗಳುಗಳಲ್ಲಿ, ನಮ್ಮ ಮನೆಯ ಸನ್ನದಿನ ಅರ್ಜಿಯನ್ನು ಬರೆದವನು ನಾನು. ಆ ಇಪ್ಪತ್ತೊಂಬತ್ತು ವರ್ಷಗಳಲ್ಲಿ ನಮ್ಮ ಮನೆಯವರಾರೂ ಒಂದು ಬಾಟಲಿಯನ್ನೂ ಮಾರಿದವರಲ್ಲ.

ವಾಚಕರಿಗೆ ಇದು ಒಗಟಿನಂತೆ ಕಾಣಬಹುದು. ಕಸುಬನ್ನು ಬಿಟ್ಟ ಮೇಲೆ ಕಸುಬಿನ ಪರವಾನಗಿಯೇಕೆ? ಗಾಡಿಯನ್ನು ಮಾರಿದವನು ಎತ್ತಿನ ಹಗ್ಗವನ್ನು ಗೂಟಕ್ಕೆ ಕಟ್ಟಿಕೊಂಡು ಕೂರುತ್ತಾನೆಯೆ? ಈ ಪ್ರಶ್ನೆಗೆ ಉತ್ತರ ಹುಡುಕುತ್ತ ಹೋದರೆ ನಮ್ಮ ಮನೆಯ ಕಥೆಯಷ್ಟೇ ಅಲ್ಲ, ನಮ್ಮ ನಾಡಿನ ಅಬಕಾರಿಯ ಕಥೆಯೂ ಸ್ವಲ್ಪ ಮಟ್ಟಿಗೆ ತೆರೆದುಕೊಳ್ಳುತ್ತದೆ. ಆದ್ದರಿಂದ ಮೊದಲಿನಿಂದ ಹೇಳುತ್ತೇನೆ.

ನಮ್ಮದು ತಲಕಾಡಿನ ಸಮೀಪದ ಒಂದು ಹಳ್ಳಿ. ತಲಕಾಡೆಂದೊಡನೆ ಹೊರಗಿನವರಿಗೆ ನೆನಪಾಗುವುದು ಗಂಗರ ರಾಜಧಾನಿ, ವಿಷ್ಣುವರ್ಧನ ಕಟ್ಟಿಸಿದ ಕೀರ್ತಿನಾರಾಯಣ ದೇವಾಲಯ, ಮರಳಿನ ದಿಬ್ಬಗಳು, ಕಾರ್ತಿಕ ಸೋಮವಾರ ಯೋಗ ಕೂಡಿಬಂದಾಗ ನಡೆಯುವ ಪಂಚಲಿಂಗ ದರ್ಶನ. ಊರವರಿಗೆ ತಲಕಾಡೆಂದರೆ ಮಾಧವಮಂತ್ರಿ ಅಣೆಕಟ್ಟಿನ ನಾಲೆಯ ನೀರು, ಭತ್ತದ ಗದ್ದೆ, ಹೊಳೆಯಂಚಿನ ಈಚಲು ಮರ. ನಮ್ಮ ತಾತನಿಗೆ ಬೇಕಾಗಿದ್ದದ್ದು ಆ ಈಚಲು ಮಾತ್ರ. ಅವನು ಹೆಂಡ ಇಳಿಸುವವನು.

ಆ ಕೆಲಸವನ್ನು ಈಗ ನಮ್ಮ ಕಡೆ ಕಂಡವರು ಕಡಮೆ. ಮರದ ನೆತ್ತಿಯ ಬಳಿ ಒಂದು ಪಕ್ಕದ ಗರಿಗಳನ್ನು ಸವರಿ, ಎಳೆಯ ಕಾಂಡವನ್ನು ತೆಳುವಾಗಿ ಕೆತ್ತಿ, ಸಂಜೆ ಗಡಿಗೆ ಕಟ್ಟಿ, ಬೆಳಗಿನ ಜಾವ ಇಳಿಸಬೇಕು. ಕೆತ್ತಿದ್ದು ಆಳವಾದರೆ ಮರ ಸಾಯುತ್ತದೆ; ತೆಳುವಾದರೆ ರಸ ಇಳಿಯದು. ಕೆಲವು ದಿನ ಇಳಿಸಿದ ಮೇಲೆ ಕೆಲವು ದಿನ ಮರಕ್ಕೆ ಬಿಡುವು ಕೊಡಬೇಕು. ಇರುಳಿನ ತಂಪಿನಲ್ಲಿ ಇಳಿದ ರಸ ಸೂರ್ಯ ಏರುವ ಮುನ್ನ ಸಿಹಿ. ಹೊತ್ತು ಏರಿದಂತೆ ಹುಳಿತು ಹೆಂಡವಾಗುತ್ತದೆ. ಒಂದು ವರ್ಷ ಮರದ ಒಂದು ಪಕ್ಕ ಕೆತ್ತಿದರೆ ಮರುವರ್ಷ ಎದುರು ಪಕ್ಕ. ಹೀಗಾಗಿ ಹಳೆಯ ಈಚಲಿನ ಮೈಮೇಲೆ ಎಡಕ್ಕೊಂದು ಬಲಕ್ಕೊಂದು ಕಚ್ಚುಗಳು ಮೆಟ್ಟಿಲಿನಂತೆ ಏರಿಹೋಗಿರುತ್ತವೆ. ಅವನ್ನು ಎಣಿಸಿದರೆ ಆ ಮರದಿಂದ ಎಷ್ಟು ವರ್ಷ ಹೆಂಡ ಇಳಿಸಿದರೆಂದು ತಿಳಿಯುತ್ತದೆ. ತಾತ ಓದುಬರಹ ಬಲ್ಲವನಲ್ಲ. ಅವನ ಕೆಲಸದ ದಾಖಲೆಯೆಲ್ಲ ಇದ್ದದ್ದು ಮರದ ಮೇಲೆ. ಇಲಾಖೆಯ ಕಾಗದವಾದರೋ ಗುತ್ತಿಗೆದಾರನ ಹೆಸರಿನಲ್ಲಿದ್ದಿತು. ತಾತ ಅವನ ಕೂಲಿಯವನು.

ಸ್ವಾತಂತ್ರ್ಯದ ಮರುವರ್ಷ, 1948ರಲ್ಲಿ, ಮೈಸೂರು ಸಂಸ್ಥಾನ ಪಾನನಿರೋಧದ ಕಾಯಿದೆ ಮಾಡಿತು. ಅದು ಒಮ್ಮೆಗೇ ಎಲ್ಲ ಕಡೆ ಬಾರದೆ ಜಿಲ್ಲೆಯಿಂದ ಜಿಲ್ಲೆಗೆ ಹಬ್ಬಿತು. ಎರಡು ವರ್ಷಗಳ ಬಳಿಕ ಜಾರಿಗೆ ಬಂದ ಸಂವಿಧಾನದ 47ನೆಯ ಅನುಚ್ಛೇದವೂ ಮಾದಕ ಪಾನೀಯಗಳನ್ನು ನಿಲ್ಲಿಸಲು ರಾಜ್ಯಗಳು ಯತ್ನಿಸಬೇಕೆಂದು ಹೇಳಿತು. ಅದು ಒಳ್ಳೆಯ ಉದ್ದೇಶವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಗುತ್ತಿಗೆದಾರ ಬೇರೆ ವ್ಯಾಪಾರ ಹಿಡಿದ. ತಾತ ಕತ್ತಿಯನ್ನು ಜಂತಿಗೆ ಸಿಕ್ಕಿಸಿ ಗದ್ದೆಯ ಕೂಲಿಗೆ ಹೋದ. ಮರ ಹತ್ತುವುದಕ್ಕೆ ಪಳಗಿದ ಕಾಲು ಕೆಸರಿನಲ್ಲಿ ನಿಲ್ಲಲು ಒಪ್ಪುವುದಿಲ್ಲವೆಂದು ಅವನು ಹೇಳುತ್ತಿದ್ದನಂತೆ. ನಮ್ಮ ತಂದೆಗೆ ಆಗ ಹದಿನಾರು ವರ್ಷ.

1967ರಲ್ಲಿ ಎಸ್. ನಿಜಲಿಂಗಪ್ಪನವರ ಸರ್ಕಾರ ಪಾನನಿರೋಧವನ್ನು ತೆಗೆಯಿತು. ಪಾನನಿರೋಧದಿಂದ ಖಜಾನೆಗೆ ನಷ್ಟವಾಗುತ್ತಿದ್ದಿತು, ಕಳ್ಳಭಟ್ಟಿಯೂ ನಿಂತಿರಲಿಲ್ಲ. ಅಬಕಾರಿಯ ಹೊಸ ನಿಯಮಗಳು ಬಂದುವು. ಹರಾಜುಗಳು ಮತ್ತೆ ಮೊದಲಾದುವು. ಆ ವೇಳೆಗೆ ತಾತ ಇರಲಿಲ್ಲ. ತಂದೆಯವರು ಇಬ್ಬರು ಜೊತೆಗಾರರೊಡನೆ ಸೇರಿ ಒಂದು ಹೆಂಡದಂಗಡಿ ಹಿಡಿದರು. ಕೆಲವು ವರ್ಷಗಳಾದ ಮೇಲೆ ಬಾಟಲಿಯ ಮದ್ಯದ ಚಿಲ್ಲರೆ ಮಾರಾಟಕ್ಕೆ ತಮ್ಮ ಹೆಸರಿನಲ್ಲಿಯೇ ಸನ್ನದು ಪಡೆದರು. ಕೂಲಿಯವನ ಮಗ ಸನ್ನದುದಾರನಾದ ದಿನ ನಮ್ಮ ಮನೆಯಲ್ಲಿ ಒಬ್ಬಟ್ಟು ಮಾಡಿದ್ದರು. ಸನ್ನದಿಗೆ ಚೌಕಟ್ಟು ಹಾಕಿಸಿ ಅಂಗಡಿಯ ಗೋಡೆಗೆ ತೂಗುಹಾಕಿದ್ದನ್ನು ನಾನು ನೋಡಿದ್ದೇನೆ. ನಮ್ಮ ಶಾಲೆಯ ಫೀಜು, ಮೈಸೂರಿನಲ್ಲಿ ನನ್ನ ಬಿ.ಎ., ಬಿ.ಎಡ್. ವ್ಯಾಸಂಗ, ತಮ್ಮನ ಎರಡು ಎಕರೆ ಗದ್ದೆ, ತಂಗಿಯ ಮದುವೆ, ಎಲ್ಲವೂ ಆ ಚೌಕಟ್ಟಿನೊಳಗಿನ ಕಾಗದದಿಂದ ಬಂದುವು. ಇದನ್ನು ಮುಚ್ಚಿಟ್ಟು ನೀತಿ ಹೇಳಹೊರಡುವುದು ನನಗೆ ಸಲ್ಲದು.

ತಂದೆಯವರು ಕುಡಿಯುತ್ತಿರಲಿಲ್ಲ. ಸಾಲಕ್ಕೆ ಕೊಡುತ್ತಿರಲಿಲ್ಲ. ಬೆರಕೆ ಮಾಡುತ್ತಿರಲಿಲ್ಲ. 1981ರ ಜುಲೈ ತಿಂಗಳಲ್ಲಿ ಬೆಂಗಳೂರಿನಲ್ಲಿ ವಿಷಮದ್ಯ ಕುಡಿದು ಮುನ್ನೂರರಷ್ಟು ಜನ ಸತ್ತಾಗ, ಅಂದು ಅಂಗಡಿಯ ಬಾಗಿಲಲ್ಲಿ ನಿಂತು ಪ್ರತಿಯೊಂದು ಬಾಟಲಿಯ ಮೊಹರನ್ನೂ ಬೆಳಕಿಗೆ ಹಿಡಿದು ನೋಡಿದರು. "ನಾನು ಕೊಡದಿದ್ರೆ ಇನ್ನೊಬ್ಬ ಕೊಡ್ತಾನೆ. ನಾನು ಕೊಟ್ರೆ ಒಳ್ಳೇದು ಕೊಡ್ತೀನಿ" ಎಂಬುದು ಅವರ ಮಾತು. ಆ ಮಾತಿನ ಆಸರೆಯಲ್ಲಿ ಅವರು ಬಹುಕಾಲ ನೆಮ್ಮದಿಯಾಗಿದ್ದರು.

ಆ ನೆಮ್ಮದಿ ಕೆಟ್ಟದ್ದು 1995ರ ಒಂದು ಶನಿವಾರ. ಶನಿವಾರವೆಂದರೆ ಬಟವಾಡೆಯ ದಿನ. ಏಳನೆಯ ತರಗತಿಯ ಒಬ್ಬ ಹುಡುಗಿ ಪ್ರತಿ ಶನಿವಾರ ಸಂಜೆ ಅಂಗಡಿಯ ಎದುರಿನ ಹುಣಿಸೆಮರದಡಿ ಬಂದು ನಿಲ್ಲುತ್ತಿದ್ದಳು. ಅವಳು ನನ್ನಲ್ಲಿ ಪಾಠ ಹೇಳಿಸಿಕೊಳ್ಳಲು ಮನೆಗೂ ಬರುತ್ತಿದ್ದವಳು. ತಂದೆ ಕುಡಿದು ಮುಗಿಸಿದ ಮೇಲೆ ಕೈಹಿಡಿದು ಕರೆದೊಯ್ಯುವುದು ಅವಳ ಕೆಲಸ. ಆ ಶನಿವಾರ ನಮ್ಮ ತಂದೆ ಅವಳ ಅಪ್ಪನಿಂದ ಹಣ ತೆಗೆದುಕೊಳ್ಳದೆ, "ಹೋಗಪ್ಪ, ಮಗಳು ನಿಂತವ್ಳೆ" ಎಂದು ಹಿಂದಕ್ಕೆ ಕಳುಹಿಸಿದರು. ಅವನು ಮರುಮಾತಾಡದೆ ಮಗಳ ಕೈಹಿಡಿದುಕೊಂಡು ಹೊರಟ. ಅರ್ಧ ಗಂಟೆಯ ಮೇಲೆ ನಮ್ಮ ಅಂಗಡಿಯ ಆಳು ಬಂದು, ಆತ ಪಕ್ಕದ ಊರಿನ ಅಂಗಡಿಯಲ್ಲಿ ಕುಳಿತಿರುವನೆಂದೂ ಹುಡುಗಿ ಅಲ್ಲಿನ ಮೋರಿಯ ಕಟ್ಟೆಯ ಮೇಲೆ ಕುಳಿತಿರುವಳೆಂದೂ ಹೇಳಿದ.

ಆ ರಾತ್ರಿ ತಂದೆಯವರು ಊಟ ಮಾಡಲಿಲ್ಲ. "ಇನ್ನೊಬ್ಬ ಕೊಡ್ತಾನೆ ಅಂತ ಇಷ್ಟು ವರ್ಷ ಹೇಳ್ಕೊಂಡೆ. ಇವತ್ತು ಅದು ನಿಜ ಅಂತ ಕಣ್ಣಾರೆ ಕಂಡೆ. ಕಂಡ್ರೂ ಯಾಕೋ ಸಮಾಧಾನ ಆಗ್ನಿಲ್ಲ" ಎಂದರು. ಕಾರ್ತಿಕ ಕಳೆಯುವ ಮುನ್ನ ಅಂಗಡಿಯ ಬೀಗದ ಕೈಯನ್ನು ತಮ್ಮಲ್ಲಿ ಲೆಕ್ಕ ಬರೆಯುತ್ತಿದ್ದವನ ಕೈಗೆ ಕೊಟ್ಟು ಮನೆಗೆ ಬಂದರು. ಮತ್ತೆ ಆ ಮೆಟ್ಟಿಲು ಹತ್ತಲಿಲ್ಲ.

ಹತ್ತಲಿಲ್ಲವೇನೋ ನಿಜ. ಆದರೆ ಸನ್ನದನ್ನು ಹಿಂದಿರುಗಿಸಲೂ ಇಲ್ಲ. ಲೆಕ್ಕ ಬರೆಯುತ್ತಿದ್ದವನು ಅಂಗಡಿ ನಡೆಸುವುದು, ತಿಂಗಳಿಗೆ ಇಷ್ಟೆಂದು ನಮ್ಮ ಮನೆಗೆ ತಂದುಕೊಡುವುದು, ಸನ್ನದು ತಂದೆಯವರ ಹೆಸರಿನಲ್ಲಿಯೇ ಇರುವುದು ಎಂದು ಬಾಯಿಮಾತಿನ ಒಪ್ಪಂದವಾಯಿತು. ಮರುವರ್ಷದ ಜೂನ್ ಬಂದಾಗ ಅರ್ಜಿ ಬರೆಯುವ ಕೆಲಸ ನನ್ನ ಪಾಲಿಗೆ ಬಂದಿತು. ನಾನು ಕನ್ನಡ ಮೇಷ್ಟರು, ಅಕ್ಷರ ದುಂಡಗೆ, ಕಚೇರಿಯ ಕನ್ನಡವೂ ಸ್ವಲ್ಪ ಗೊತ್ತು. ಅರ್ಜಿಯ ಜೊತೆಗೆ ಕೊಡುತ್ತಿದ್ದ ಹೇಳಿಕೆಯಲ್ಲಿ ಹಿಂದಿನಿಂದ ನಡೆದುಬಂದ ವಾಕ್ಯವೊಂದಿದ್ದಿತು: "ಸದರಿ ಅಂಗಡಿಯನ್ನು ನಾನೇ ಖುದ್ದಾಗಿ ನಡೆಸುತ್ತಿದ್ದೇನೆ." ಹಳೆಯ ಪ್ರತಿಯನ್ನು ಎದುರಿಗಿಟ್ಟುಕೊಂಡು ನಾನು ಅದನ್ನು ಹಾಗೆಯೇ ಬರೆದೆ. ತಂದೆಯವರು ರುಜು ಹಾಕಿದರು.

ಬೆಳಗ್ಗೆ ಹತ್ತು ಗಂಟೆಗೆ ತರಗತಿಯಲ್ಲಿ ಭೂತಕಾಲಕ್ಕೆ ವರ್ತಮಾನಕಾಲವನ್ನು ಹಾಕಿದ ಹುಡುಗನ ಪುಸ್ತಕದಲ್ಲಿ ಕೆಂಪು ಗೆರೆ ಎಳೆಯುತ್ತಿದ್ದವನು, ಸಂಜೆ ಮನೆಗೆ ಬಂದು ಅದೇ ತಪ್ಪನ್ನು ಮುದ್ರಾಂಕದ ಕಾಗದದ ಮೇಲೆ ಮಾಡುತ್ತಿದ್ದೆ. ವ್ಯತ್ಯಾಸವಿಷ್ಟೆ: ಹುಡುಗನಿಗೆ ಗೊತ್ತಿರಲಿಲ್ಲ, ನನಗೆ ಗೊತ್ತಿದ್ದಿತು.

ತಂದೆಯವರನ್ನು ಒಮ್ಮೆ ಕೇಳಿದೆ. ಅಂಗಡಿ ಬೇಡವೆಂದಮೇಲೆ ಕಾಗದವೇಕೆ ಬೇಕು? ಅವರು ನಕ್ಕು, "ನಿಮ್ಮ ತಾತನ ಕೈಲಿ ಕಾಗ್ದ ಇರ್ನಿಲ್ಲ. ಒಂದು ದಿನ ಬಂದು ಬೇಡ ಅಂದ್ರು, ಎದ್ದು ಬಂದ. ನನ್ನ ಕೈಲಿ ಅದೆ. ಕೊಟ್ಬುಟ್ರೆ ಮತ್ತೆ ಸಿಕ್ಕಾಕಿಲ್ಲ. ಇರ್ಲಿ, ಗಿಡ ಒಣಗದಂಗೆ ವರ್ಸಕ್ಕೊಂದು ಕೊಡ ನೀರು ಹಾಕು" ಎಂದರು. ಅವರ ಭಯ ಸುಳ್ಳಲ್ಲ. ತಾತನಿಗೆ ಕೆಲಸವಿದ್ದಿತು, ಕಾಗದವಿರಲಿಲ್ಲ. ತಂದೆಯವರಿಗೆ ಕೆಲಸ ಬೇಡವಾಗಿದ್ದಿತು, ಕಾಗದ ಬೇಕಾಗಿದ್ದಿತು.

"ಕೊಟ್ಟರೆ ಮತ್ತೆ ಸಿಗುವುದಿಲ್ಲ" ಎಂಬ ಮಾತಿನಲ್ಲಿಯೇ ಒಗಟಿನ ಉತ್ತರವಿದೆ. ಚಿಲ್ಲರೆ ಅಂಗಡಿಗೂ ಬಾರಿಗೂ ಹೊಸ ಸನ್ನದುಗಳನ್ನು ಕೊಡುವುದನ್ನು ಕರ್ನಾಟಕ ಸರ್ಕಾರ 1990ರ ದಶಕದ ಆದಿಯಲ್ಲಿ ನಿಲ್ಲಿಸಿತು. ಕುಡಿತ ಹೆಚ್ಚದಿರಲಿ ಎಂಬುದು ಅದರ ಆಶಯ. ಕುಡಿಯುವವರ ಸಂಖ್ಯೆ ಆ ಆದೇಶವನ್ನು ಓದಿ ನಿಲ್ಲಲಿಲ್ಲ. ಜನಸಂಖ್ಯೆ ಬೆಳೆಯಿತು, ಪೇಟೆ ಬೆಳೆಯಿತು, ಸನ್ನದುಗಳು ಮಾತ್ರ ಇದ್ದಷ್ಟೇ ಉಳಿದುವು. ಹೊಸದಾಗಿ ಹುಟ್ಟದ, ಹಳೆಯದಾದರೆ ಸಾಯದ ವಸ್ತುವಿಗೆ ಬೆಲೆ ಏರುವುದು ಸಹಜ. ಸರ್ಕಾರಕ್ಕೆ ಕಟ್ಟುವ ಶುಲ್ಕವೇ ಲಕ್ಷಗಳ ಲೆಕ್ಕ. ಕೈಯಿಂದ ಕೈಗೆ ಹೋಗುವಾಗಿನ ಬೆಲೆ ಅದರ ಎಷ್ಟೋ ಪಟ್ಟು. ಒಂದು ಕೆಲಸ ಮಾಡಲು ಕೊಟ್ಟ ಅನುಮತಿ ಹೀಗೆ ತೋಟ ತುಡಿಕೆಯಂತೆ ಆಸ್ತಿಯಾಯಿತು. ಆಸ್ತಿಯನ್ನು ಗೇಣಿಗೆ ಕೊಡುವುದು ನಮ್ಮ ಜನಕ್ಕೆ ಹೊಸದಲ್ಲ.

ಕಾನೂನಿನ ದೃಷ್ಟಿ ಬೇರೆ. ಮದ್ಯದ ವ್ಯಾಪಾರ ಪ್ರಜೆಯ ಮೂಲಭೂತ ಹಕ್ಕಲ್ಲವೆಂದು ಸರ್ವೋಚ್ಚ ನ್ಯಾಯಾಲಯ 1994ರಲ್ಲಿ ಹೇಳಿತು. ಆ ತೀರ್ಪು ಬಂದದ್ದು ನಮ್ಮ ರಾಜ್ಯದ ಮೊಕದ್ದಮೆಯಲ್ಲಿಯೇ. ಖೋಡೆ ಡಿಸ್ಟಿಲರೀಸ್ ಒಂದು ಕಡೆ, ಕರ್ನಾಟಕ ಸರ್ಕಾರ ಇನ್ನೊಂದು ಕಡೆ. ಸನ್ನದು ಸರ್ಕಾರ ಒಬ್ಬ ವ್ಯಕ್ತಿಯಲ್ಲಿ ವಿಶ್ವಾಸವಿಟ್ಟು ಒಂದು ಅವಧಿಗೆ ಕೊಡುವ ಅನುಮತಿ. ಒಪ್ಪಿಗೆಯಿಲ್ಲದೆ ಅದನ್ನು ಇನ್ನೊಬ್ಬರಿಗೆ ವಹಿಸಬಾರದು. ಸನ್ನದುದಾರ ತೀರಿಕೊಂಡರೆ ವಾರಸುದಾರರ ಹೆಸರಿಗೆ ಮಾಡಿಕೊಡಲು, ನಿಗದಿಯಾದ ಶುಲ್ಕ ಕಟ್ಟಿದರೆ ಬೇರೊಬ್ಬರ ಹೆಸರಿಗೆ ವರ್ಗಾಯಿಸಲು ನಿಯಮಗಳಲ್ಲಿ ದಾರಿಯುಂಟು. ಅದು ನೇರವಾದ ದಾರಿ. ನಾವು ಹಿಡಿದದ್ದು ಗದ್ದೆಯ ಬದುವಿನ ಮೇಲಿನ ಅಡ್ಡದಾರಿ. ಅದರಲ್ಲಿ ನಡೆದವರು ನಾವೊಬ್ಬರೇ ಅಲ್ಲ ಎಂಬುದು ಸಮಾಧಾನವೂ ಅಲ್ಲ, ಸಮರ್ಥನೆಯೂ ಅಲ್ಲ.

ಬೇರೆ ದೇಶಗಳವರು ಇದಕ್ಕೆ ಏನು ಮಾಡಿದ್ದಾರೆಂದು ನಿವೃತ್ತನಾದ ಮೇಲೆ ಓದಿ ನೋಡಿದೆ. ಇಂಗ್ಲೆಂಡಿನಲ್ಲಿ 2003ರ ಕಾಯಿದೆಯಿಂದ ಮದ್ಯ ಮಾರುವ ಸ್ಥಳಕ್ಕೊಂದು, ಮಾರಾಟಕ್ಕೆ ಹೊಣೆಯಾದ ವ್ಯಕ್ತಿಗೊಂದು ಎಂದು ಎರಡು ಪರವಾನಗಿಗಳು ಬೇರೆಯಾದುವು. ವ್ಯಕ್ತಿಯ ಪರವಾನಗಿಯನ್ನು ಹತ್ತು ವರ್ಷಕ್ಕೊಮ್ಮೆ ನವೀಕರಿಸಬೇಕಿದ್ದಿತು. 2015ರಲ್ಲಿ ಆ ಕಟ್ಟಳೆಯನ್ನೇ ತೆಗೆದುಹಾಕಿದರು. ಕಸುಬು ಬಿಟ್ಟವನ ಪೆಟ್ಟಿಗೆಯಲ್ಲಿ ಅದು ಹಾಗೆಯೇ ಉಳಿಯಬಹುದು. ಉಳಿದರೂ ಯಾರಿಗೂ ನಷ್ಟವಿಲ್ಲ. ಅಂಥ ಪರವಾನಗಿಗಳ ಸಂಖ್ಯೆಗೆ ಮಿತಿಯಿಲ್ಲ, ಅರ್ಹತೆಯುಳ್ಳ ಯಾರಾದರೂ ಪಡೆಯಬಹುದು. ಫ್ರಾನ್ಸಿನಲ್ಲಿ ಇದಕ್ಕೆ ವಿರುದ್ಧ. ಎಲ್ಲ ಬಗೆಯ ಮದ್ಯವನ್ನೂ ಮಾರುವ ನಾಲ್ಕನೆಯ ದರ್ಜೆಯ ಸನ್ನದನ್ನು ಅಲ್ಲಿಯೂ ಸಾಮಾನ್ಯವಾಗಿ ಹೊಸದಾಗಿ ಕೊಡುವುದಿಲ್ಲ. ಆದರೆ ಐದು ವರ್ಷ ಬಳಸದೆ ಬಿಟ್ಟರೆ ಅದು ತಾನಾಗಿಯೇ ಸಾಯುತ್ತದೆ. ಒಂದು ಕಡೆ ಕಾಗದ ಸಾಯದಿದ್ದರೂ ಅದಕ್ಕೆ ಬೆಲೆಯಿಲ್ಲ. ಇನ್ನೊಂದು ಕಡೆ ಬೆಲೆಯಿದ್ದರೂ ಕೆಲಸವಿಲ್ಲದೆ ಅದು ಬದುಕದು. ನಮ್ಮಲ್ಲಿ ಕೆಲಸ ಬಿಟ್ಟವನ ಕಾಗದ ಬದುಕುತ್ತದೆ, ಬೆಲೆಯೊಡನೆ ಬದುಕುತ್ತದೆ. ಅದಕ್ಕೆ ಬೇಕಾದುದು ವರ್ಷಕ್ಕೊಮ್ಮೆ ಶುಲ್ಕ, ಒಂದು ರುಜು, ನನ್ನಂಥವನ ಒಂದು ವಾಕ್ಯ.

2003ರಲ್ಲಿ ರಾಜ್ಯದ ಪಾನೀಯ ನಿಗಮ ಸ್ಥಾಪನೆಯಾಗಿ ಮದ್ಯದ ಸಗಟು ವ್ಯವಹಾರವೆಲ್ಲ ಅದರ ಮೂಲಕ ನಡೆಯತೊಡಗಿತು. ಅಲ್ಲಿಂದ ಮುಂದೆ ತಂದೆಯವರ ಹೆಸರು ಅಚ್ಚಾದ ಬಿಲ್ಲುಗಳು ಮನೆಗೆ ಬರತೊಡಗಿದುವು. ತಾವು ಕಾಣದ ಪೆಟ್ಟಿಗೆಗಳು, ತಾವು ಕೇಳದ ಹೆಸರುಗಳು. ಅವರು ಅವನ್ನು ಮಡಿಸಿ ಪಂಚಾಂಗದ ಕೆಳಗಿಡುತ್ತಿದ್ದರು.

ನಮ್ಮ ಕಾಗದದ ನಿಜವಾದ ಬೆಲೆ ನನಗೆ ತಿಳಿದದ್ದು 2007ರಲ್ಲಿ. ಆ ವರ್ಷ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ನಿಷೇಧವಾಯಿತು. ಹೆಣ್ಣುಮಕ್ಕಳು ವರ್ಷಗಟ್ಟಲೆ ಕೇಳಿದ್ದ ನಿಷೇಧ ಅದು, ನಾನೂ ಸಂತೋಷಪಟ್ಟೆ. ಆದರೆ ನಮ್ಮೂರಿನ ಸಾರಾಯಿ ಅಂಗಡಿಯಲ್ಲಿ ಲೋಟ ತೊಳೆಯುತ್ತಿದ್ದ ಮುದುಕ, ಪ್ಯಾಕೆಟ್ಟಿನ ಮೂಟೆ ಹೊರುತ್ತಿದ್ದ ಇಬ್ಬರು ಹುಡುಗರು ಅಂದೇ ಬೀದಿಗೆ ಬಂದರು. ಅವರ ಬಳಿ ನವೀಕರಿಸಲು ಏನೂ ಇರಲಿಲ್ಲ. ಈಚಲಿನ ಹೆಂಡವೂ ನಮ್ಮ ಭಾಗದಲ್ಲಿ ನಿಂತುಹೋಗಿದ್ದಿತು. ಸಾರಾಯಿ ಕುಡಿಯುತ್ತಿದ್ದವರು ಬಾಟಲಿಯ ಅಂಗಡಿಗೆ ಬಂದರು. ಕೆಲವರು ಕಳ್ಳಭಟ್ಟಿಗೆ ಹೋದರು. ಮರುವರ್ಷದ ಮೇ ತಿಂಗಳಲ್ಲಿ ಬೆಂಗಳೂರು, ಕೋಲಾರ, ನೆರೆಯ ಕೃಷ್ಣಗಿರಿ ಕಡೆಗಳಲ್ಲಿ ವಿಷಮದ್ಯಕ್ಕೆ ನೂರಕ್ಕೂ ಹೆಚ್ಚು ಜನ ಬಲಿಯಾದರು. ಆ ಜೂನ್‌ನಲ್ಲಿ ನಮ್ಮ ಅಂಗಡಿ ನಡೆಸುತ್ತಿದ್ದವನು ತಿಂಗಳ ಹಣವನ್ನು ತಾನಾಗಿಯೇ ಹೆಚ್ಚಿಸಿ ತಂದುಕೊಟ್ಟ. ಕೆಲಸ ಮಾಡುತ್ತಿದ್ದವರ ಬಾಯಿಗೆ ಮಣ್ಣು ಬಿದ್ದ ವರ್ಷ, ಕೆಲಸ ಬಿಟ್ಟ ನಮ್ಮ ಮನೆಗೆ ಲಾಭವಾಯಿತು.

ಆಗಲಾದರೂ ನಾನು ಬರೆಯುವುದನ್ನು ನಿಲ್ಲಿಸಬಹುದಾಗಿತ್ತು. ನಿಲ್ಲಿಸಲಿಲ್ಲ. ಮಗಳನ್ನು ಕಾಲೇಜಿಗೆ ಸೇರಿಸುವ ವರ್ಷ ಅದು.

2017ರಲ್ಲಿ ಒಂದು ಅಡಚಣೆ ಬಂದಿತು. ಹೆದ್ದಾರಿಗಳ ಅಂಚಿನಲ್ಲಿ ಮದ್ಯದಂಗಡಿಗಳಿರಕೂಡದೆಂದು ಸರ್ವೋಚ್ಚ ನ್ಯಾಯಾಲಯ 2016ರ ಡಿಸೆಂಬರಿನಲ್ಲಿ ತೀರ್ಪಿತ್ತಿದ್ದಿತು. ಐನೂರು ಮೀಟರಿನ ದೂರವೆಂದು ಮೊದಲು, ಇಪ್ಪತ್ತು ಸಾವಿರದೊಳಗಿನ ಜನಸಂಖ್ಯೆಯ ಊರುಗಳಿಗೆ ಇನ್ನೂರಿಪ್ಪತ್ತು ಮೀಟರೆಂದು ಬಳಿಕ. ಅಂಗಡಿ ಊರೊಳಗಿನ ಓಣಿಗೆ ಸರಿಯಿತು. ಅದನ್ನು ಸಾಗಿಸಿದವನು, ಹೊಸ ಕಟ್ಟಡಕ್ಕೆ ಮುಂಗಡ ಕೊಟ್ಟವನು, ನೆರೆಯವರ ಬೈಗುಳ ತಿಂದವನು ಅದೇ ಮನುಷ್ಯ. ನಾವು ಅರ್ಜಿಯಲ್ಲಿ ವಿಳಾಸವನ್ನು ತಿದ್ದಿದೆವು.

ಮರುವರ್ಷ ತಂದೆಯವರು ತೀರಿಕೊಂಡರು. ಸನ್ನದು ವಾರಸಿನ ಮೇಲೆ ನಮ್ಮ ತಾಯಿಯ ಹೆಸರಿಗೆ ಬಂದಿತು. ನನ್ನ ವಾಕ್ಯ ಹಾಗೆಯೇ ಉಳಿಯಿತು. ಅದರೊಳಗಿನ "ನಾನು" ಮಾತ್ರ ಈಗ ಎಂಬತ್ತು ಸಮೀಪಿಸಿದ, ಏಕಾದಶಿಯಂದು ಹನಿ ನೀರೂ ಮುಟ್ಟದ ಒಬ್ಬ ಮುದುಕಿಯಾಯಿತು. ನಾನು ಹೇಳಿದಲ್ಲಿ ಅವರು ರುಜು ಹಾಕುತ್ತಿದ್ದರು. ಏನು ಬರೆದಿದೆಯೆಂದು ಕೇಳುತ್ತಿರಲಿಲ್ಲ.

2025ರ ಮಾರ್ಚಿಯಲ್ಲಿ ರಾಜ್ಯದ ಮುಂಗಡಪತ್ರ ಬಂದಿತು. ಅಬಕಾರಿಯಿಂದ ಆ ವರ್ಷ 40,000 ಕೋಟಿ ರೂಪಾಯಿಯ ವರಮಾನದ ಗುರಿ. ಖಾಲಿ ಉಳಿದಿರುವ ಸನ್ನದುಗಳನ್ನು ವಿದ್ಯುನ್ಮಾನ ಹರಾಜಿನ ಮೂಲಕ ಕೊಡುವುದಾಗಿ ಪ್ರಕಟಣೆ. ಯುಗಾದಿಗೆ ಮನೆಗೆ ಬಂದಾಗ ತಮ್ಮ ಆ ಸುದ್ದಿಯ ಪತ್ರಿಕೆಯನ್ನು ಹಿಡಿದು ಕೂತಿದ್ದ. ಹರಾಜಾದರೆ ನಮ್ಮದರ ಬೆಲೆ ಏರುವುದೋ ಇಳಿಯುವುದೋ ಎಂಬುದು ಅವನ ಚಿಂತೆ. ನಾನು ಧೈರ್ಯ ಮಾಡಿ, ಇನ್ನು ಮುಂದೆ ಬರೆಯುವುದಿಲ್ಲವೆಂದೆ.

"ನೀನು ಪಿಂಚಣಿ ತಗೊಂಡು ಮಾತಾಡ್ತಿದ್ದೀಯ ಅಣ್ಣ. ನನ್ನ ಪಿಂಚಣಿ ಇದೇ" ಎಂದ ಅವನು. ಅದು ಸುಳ್ಳಲ್ಲ. ಭತ್ತದ ಬೆಲೆ, ಕೊಳವೆಬಾವಿಯ ಸಾಲ ನನಗೆ ಗೊತ್ತಿಲ್ಲದವಲ್ಲ. ಇನ್ನೂ ಒಂದು ಮಾತು ಹೇಳಿದ: "ನಾವು ವಾಪಸ್ ಕೊಟ್ರೆ ಸರ್ಕಾರ ಅದನ್ನೇ ಹರಾಜು ಹಾಕ್ತದೆ. ಇನ್ನೊಬ್ಬ ತಗೋತಾನೆ." ತಂದೆಯವರ ಹಳೆಯ ಮಾತು ಮೂವತ್ತು ವರ್ಷದ ಮೇಲೆ ತಮ್ಮನ ಬಾಯಲ್ಲಿ ಬಂದದ್ದು ಕೇಳಿ ನಾನು ಸುಮ್ಮನಾದೆ.

ಬಾಗಿಲ ಬಳಿ ಬೇವಿನ ಸೊಪ್ಪು ಬಿಡಿಸುತ್ತಿದ್ದ ತಾಯಿ, "ಅದ್ರಲ್ಲಿ ಏನ್ ಬರ್ದಿರ್ತೀಯ ಮಗ? ಓದು ನೋಡಮ" ಎಂದರು. ಹಿಂದಿನ ವರ್ಷದ ಪ್ರತಿಯನ್ನು ತಂದು ಓದಿದೆ. "ನಾನೇ ಖುದ್ದಾಗಿ" ಎಂಬಲ್ಲಿಗೆ ಬಂದಾಗ ಅವರು ಕೈ ನಿಲ್ಲಿಸಿದರು.

"ನಾನೆಲ್ಲಪ್ಪ ಅಂಗಡಿ ಮಡಗಿದ್ದೆ? ಅದರ ಬಾಗಿಲೂ ಕಂಡವಳಲ್ಲ. ಇದಕ್ಕಾ ನನ್ನ ಕೈಲಿ ರುಜು ಹಾಕಿಸ್ತಿದ್ದದ್ದು?"

ನಾನು ತಲೆ ತಗ್ಗಿಸಿದೆ. ತಮ್ಮನೂ ಮಾತಾಡಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ತಾಯಿಯೇ ಹೇಳಿದರು: "ನಡೆಸ್ತಿರೋನು ಯಾರು? ಅವನ ಹೆಸರಿಗೆ ಮಾಡ್ಕೊಡಿ. ಮೂವತ್ತು ವರ್ಷ ದುಡ್ದವ್ನೆ. ಪ್ಯಾಟೆ ಬೆಲೆ ಕೇಳಬ್ಯಾಡಿ. ಬಾವಿ ಸಾಲ ತೀರೋವಷ್ಟು ಕೊಟ್ರೆ ಸಾಕು."

ನನಗೆ ಹೊಳೆದಿದ್ದುದು ಎರಡೇ ದಾರಿ: ಇಟ್ಟುಕೊಳ್ಳುವುದು, ಇಲ್ಲವೇ ಬಿಡುವುದು. ಓದು ಬಾರದ ನನ್ನ ತಾಯಿಗೆ ಮೂರನೆಯದು ಹೊಳೆಯಿತು. ನಿಯಮಗಳಲ್ಲಿ ಮೊದಲಿನಿಂದಲೂ ಇದ್ದ ದಾರಿಯೇ ಅದು. ತಮ್ಮ ಎರಡು ವಾರ ಮುನಿಸಿಕೊಂಡಿದ್ದು, ಆಮೇಲೆ ತಾನೇ ಕಾಗದಗಳನ್ನು ಹೊಂದಿಸಿದ. ಅಂಗಡಿಯವನಿಗೆ ವರ್ಗಾವಣೆಯ ಶುಲ್ಕ ಕೂಡಿಸಲು ಹೆಂಡತಿಯ ಒಡವೆಯ ಮೇಲೆ ಸಾಲ ಮಾಡಬೇಕಾಯಿತು. ಮೈಸೂರಿನ ಕಚೇರಿಗೆ ನಾಲ್ಕು ಬಾರಿ ಅಲೆದದ್ದಾಯಿತು. ಒಪ್ಪಿಗೆಯ ಆದೇಶ ಕೈಗೆ ಬಂದದ್ದು ಜೂನ್ ಮೂರನೆಯ ವಾರ.

ಇದರಿಂದ ಯಾರೂ ಕುಡಿಯುವುದನ್ನು ಬಿಡಲಿಲ್ಲ. ಅಂಗಡಿ ಅದೇ ಓಣಿಯಲ್ಲಿದೆ. ಶನಿವಾರ ಸಂಜೆ ಅದರ ಮುಂದೆ ಈಗಲೂ ಯಾರಾದರೂ ಮಕ್ಕಳು ಕಾದು ನಿಂತಿರುತ್ತಾರೆ. ಮದ್ಯವಿರಬೇಕೆ, ಬೇಡವೆ ಎಂಬ ದೊಡ್ಡ ಪ್ರಶ್ನೆಗೆ 1948ರಲ್ಲಿಯೂ 1967ರಲ್ಲಿಯೂ 2007ರಲ್ಲಿಯೂ ಸರ್ಕಾರಗಳು ಬೇರೆ ಬೇರೆ ಉತ್ತರ ಕೊಟ್ಟಿವೆ. ಅದನ್ನು ಬಗೆಹರಿಸುವ ಶಕ್ತಿ ನನ್ನಂಥವನಿಗಿಲ್ಲ. ನಾನು ಹೇಳಬಲ್ಲದ್ದು ಸಣ್ಣದು. ವರ್ಷಕ್ಕೊಮ್ಮೆ ಸನ್ನದನ್ನು ನವೀಕರಿಸಬೇಕೆಂಬ ನಿಯಮ ಖಜಾನೆ ತುಂಬುವುದಕ್ಕೆ ಮಾತ್ರ ಹುಟ್ಟಿದ್ದಲ್ಲ. "ಈ ಕೆಲಸವನ್ನು ಈಗಲೂ ನೀನೇ ಮಾಡುತ್ತಿರುವೆಯಾ?" ಎಂದು ಅದು ವರ್ಷಕ್ಕೊಮ್ಮೆ ಕೇಳುತ್ತದೆ. ನಾವು ಶುಲ್ಕವನ್ನು ಕಟ್ಟಿ ಪ್ರಶ್ನೆಯನ್ನು ದಾಟಿ ಹೋಗುತ್ತಿದ್ದೆವು. ಕೇಳಬೇಕಾದವರೂ ಶುಲ್ಕ ಬಂದೊಡನೆ ಉತ್ತರ ಬಂದಿತೆಂದು ತಿಳಿಯುತ್ತಿದ್ದರು. ಕಸುಬು ಬಿಟ್ಟವನು ನಷ್ಟವಿಲ್ಲದೆ ಕಾಗದವನ್ನು ಬಿಡಬಲ್ಲ ದಾರಿ, ಕಸುಬು ಮಾಡುವವನು ಸುಳ್ಳಿಲ್ಲದೆ ಅದನ್ನು ಪಡೆಯಬಲ್ಲ ದಾರಿ, ಇವೆರಡೂ ಸುಲಭವಾಗಿದ್ದರೆ ನನ್ನಂಥ ಎಷ್ಟೋ ಮಂದಿ ಇಷ್ಟು ವರ್ಷ ಕಾಯಬೇಕಾಗುತ್ತಿರಲಿಲ್ಲ.

ಜೂನ್ 27ರಂದು ಸಂಜೆ ಅಂಗಡಿಯವನು ಮನೆಗೆ ಬಂದ. ನವೀಕರಣದ ಅರ್ಜಿ ಅವನ ಹೆಸರಿನಲ್ಲಿ ಹೋಗಬೇಕಿದ್ದಿತು. "ಮೇಷ್ಟ್ರೇ, ಹೇಳಿಕೆ ತಾವೇ ಬರ್ಕೊಡಿ. ತಮ್ಮ ಅಕ್ಷರಕ್ಕೆ ಕಚೇರೀಲಿ ಯಾರೂ ಎರಡು ಮಾತಾಡಾಕಿಲ್ಲ" ಎಂದು ಕೈಮುಗಿದ. ಇನ್ನು ಬರೆಯುವುದಿಲ್ಲವೆಂದು ಯುಗಾದಿಯಂದು ಹೇಳಿದ್ದೆ. ಆದರೂ ಕನ್ನಡಕ ಹಾಕಿಕೊಂಡು ಕುಳಿತೆ. ಅವನ ಹೆಸರು, ಅವನ ತಂದೆಯ ಹೆಸರು, ಓಣಿಯ ವಿಳಾಸ ಬರೆದೆ. ಆಮೇಲೆ ಹಳೆಯ ಪ್ರತಿಯನ್ನು ನೋಡದೆಯೇ, "ಸದರಿ ಅಂಗಡಿಯನ್ನು ನಾನೇ ಖುದ್ದಾಗಿ ನಡೆಸುತ್ತಿದ್ದೇನೆ" ಎಂದು ಬರೆದು ಅವನ ಕಡೆಗೆ ತಿರುಗಿಸಿದೆ. ಅವನು ಅಕ್ಷರಗಳ ಮೇಲೆ ಬೆರಳಿಟ್ಟು ನಿಧಾನವಾಗಿ ಓದಿಕೊಂಡು ಕೆಳಗೆ ತನ್ನ ರುಜು ಹಾಕಿದ.